ಮೊದಲು ಅಂಚು

ಸತತವಾಗಿ ಐದನೆಯದೂ ಹೆಣ್ಣೇ ಆದಾಗ, ಗ್ರಂಥಗಳ ಕೊನೆಯಲ್ಲಿ ಬರೆಯುವ ಮಾತನ್ನೇ ತಂದೆ ಆ ಮಗುವಿಗೆ ಹೆಸರಾಗಿ ಇಟ್ಟರಂತೆ: ಇತಿಶ್ರೀ. ಸಮಾಪ್ತಿಯ ಹೆಸರನ್ನು ಹೊತ್ತ ಇತಿಶ್ರೀ ಮಹಾರಣಾಗೆ ಭುವನೇಶ್ವರದ ನಮ್ಮ ಕಲಾಶಾಲೆಯಲ್ಲಿ ಒದಗಿದ್ದ ಕಷ್ಟವೆಂದರೆ, ಯಾವ ಚಿತ್ರವನ್ನೂ ಅವಳಿಂದ ಸಮಾಪ್ತಿಗೊಳಿಸಲಾಗದಿದ್ದುದು.

ಕಾರಣವು ಅವಳ ಕುಲವಿದ್ಯೆಯಲ್ಲಿಯೇ ಇತ್ತು. ಪಟ ಬರೆಯುವ ಅವರ ಮನೆಗಳಲ್ಲಿ ಬಟ್ಟೆಯ ಮೇಲೆ ಮೊದಲು ಮೂಡುವುದು ನಾಲ್ಕು ಕಡೆಯ ಅಂಚು. ಅದರಲ್ಲಿ ಬಳ್ಳಿ, ಬಳ್ಳಿಯಲ್ಲಿ ಹೂ, ಹೂವಿನಲ್ಲಿ ದಳ. ದೇವರು ಬರುವುದು ಆಮೇಲೆ. ನಮ್ಮಲ್ಲಿಯೋ, ಎದುರಿಗೆ ಕುಳಿತ ಮನುಷ್ಯನನ್ನು ನೋಡಿ ಮೂರು ಗಂಟೆಯೊಳಗೆ ಇದ್ದಿಲಿನಲ್ಲಿ ಬರೆದು ಮುಗಿಸುವ ಪರೀಕ್ಷೆ. ಹಿಂದಿನ ಚೈತ್ರದಲ್ಲಿ ಎರಡೂವರೆ ಗಂಟೆ ಅಂಚಿಗೇ ಸಂದು, ನಡುವೆ ಒಂದು ತಲೆ, ಒಂದು ಭುಜ ಮಾತ್ರ ಮೂಡಿದ್ದವು. ಅವಳು ಅನುತ್ತೀರ್ಣಳಾದಳು. ಸೋಮವಾರದ ಮರುಪರೀಕ್ಷೆಯಲ್ಲಿಯೂ ಹಾಗೆಯೇ ಆದರೆ, ನಿಯಮದಂತೆ ಕಲಾಶಾಲೆಯ ಪಟ್ಟಿಯಿಂದ ಅವಳ ಹೆಸರನ್ನು ತೆಗೆಯುವುದು ನಿಶ್ಚಿತವಾಗಿತ್ತು.

ನಾನು ಅಲ್ಲಿ ಕಲೆಯ ಇತಿಹಾಸವನ್ನು ಪಾಠ ಹೇಳುವವನು. ಅಭ್ಯಾಸ ನಡೆದಿದ್ದ ಒಂದು ಮಧ್ಯಾಹ್ನ ಚಿತ್ರಶಾಲೆಯ ಮುಂದೆ ಹಾದುಹೋಗುವಾಗ, ಹುಡುಗರೆಲ್ಲ ಅಪಾ, ಅಂದರೆ ಅಕ್ಕ, ಎನ್ನುತ್ತಿದ್ದ ಚಿತ್ರಕಲೆಯ ಅಧ್ಯಾಪಕಿ ನಳಿನೀ ಸ್ವಾಯಿಂ ಅವಳ ಹಿಂದೆ ನಿಂತಿದ್ದರು.

"ಇತಿ, ಏನಿದು?"

"ಬಳ್ಳಿ, ಅಪಾ."

"ಮೌಸಾ ಎಲ್ಲಿ?"

"ಬರ್ತಾರೆ ಅಪಾ. ಇನ್ನೊಂದು ಕಡೆ ಮಾತ್ರ ಉಳಿದಿದೆ."

ಮೌಸಾ, ಅಂದರೆ ಚಿಕ್ಕಪ್ಪ, ಎಂದು ಎಲ್ಲರೂ ಕರೆಯುತ್ತಿದ್ದುದು ಬಾಂಛಾನಿಧಿಯನ್ನು. ಜಾತ್ರಾ ನಾಟಕಗಳಲ್ಲಿ ರಾಜನಾಗಿ ಮೆರೆದು, ಮುಪ್ಪಿನಲ್ಲಿ ನಮ್ಮ ಹುಡುಗರೆದುರು ಅಲುಗಾಡದೆ ಕೂರುವ ಕೆಲಸಕ್ಕೆ ಬಂದವನು. ಪೀಠದ ಮೇಲಿಂದ, ತುಟಿ ಮಿಸುಕದಂತೆ ಅವನೆಂದ: "ಬೇಲಿ ಕಟ್ಟೋದು ಮುಗೀಲಿ ಬಿಡಿ ತಾಯಿ. ಆಮೇಲೆ ಆಡಿನ ಹಾಗೆ ನಾನೇ ಒಳಗೆ ಹೋಗಿ ನಿಲ್ತೀನಿ. ಅಷ್ಟರವರೆಗೆ ಬದುಕಿದ್ರೆ."

ನಳಿನಿಯವರು ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದರು. "ಶತಪಥಿ ಬಾಬು, ನಾನು ಹೇಳಿ ಹೇಳಿ ಸೋತೆ. ನಿಮ್ಮ ಮಾತಾದ್ರೆ ಕೇಳ್ತಾಳೆ. ಅಂಚು ಬೇಡ ಅಂತ ಶಾಸ್ತ್ರದಲ್ಲಿ ಎಲ್ಲಾದ್ರೂ ಇದ್ರೆ ಹೇಳಿಬಿಡಿ. ಇಲ್ದಿದ್ರೂ ಹೇಳಿಬಿಡಿ."

ಇಲ್ಲದ್ದನ್ನು ಶಾಸ್ತ್ರದ ಹೆಸರಿನಲ್ಲಿ ಹೇಳುವುದು ನನ್ನಿಂದಾಗದು. ಎರಡು ದಿನ ಗ್ರಂಥಗಳನ್ನು ಶೋಧಿಸಿದೆ. ತಾಳಮಾನವಿತ್ತು, ಭಂಗಿಗಳಿದ್ದವು, ಭಿತ್ತಿಗೆ ಬಳಿಯುವ ಸುಣ್ಣದ ಪಾಕವಿತ್ತು. ಅಂಚನ್ನು ಮೊದಲು ಬರೆಯಬೇಕೆಂಬ ವಿಧಿ ಎಲ್ಲಿಯೂ ಸಿಗಲಿಲ್ಲ. ವಿಧಿಯಿಲ್ಲದ ಮೇಲೆ ಬಿಟ್ಟರೆ ದೋಷವಿಲ್ಲ ಎಂದು ಇತಿಶ್ರೀಗೆ ತಿಳಿಸಿದೆ.

ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. "ಬಿಡೋಕೆ ನೋಡ್ದೆ ಸಾರ್. ಕೈಯೇ ಓಡಲ್ಲ. ಆಸನ ಹಾಕ್ದೆ ದೇವರನ್ನ ಕರೀತಾರಾ ಅಂತಾರೆ ನಮ್ಮ ಅಜಾ."

ಮರುದಿನ ಪ್ರಾತಃಕಾಲ ಪೂಜೆಗೆ ಕುಳಿತು, ಧ್ಯಾನಕ್ಕೆ ಮುನ್ನ ತಲೆಯ ಸುತ್ತ ಚಿಟಿಕೆ ಹೊಡೆದು ದಿಗ್ಬಂಧ ಮಾಡುತ್ತಿದ್ದಾಗ ಕೈ ತಾನಾಗಿ ನಿಂತಿತು. ನಲವತ್ತು ವರ್ಷಗಳಿಂದ ದಿನವೂ ನಾನು ಮಾಡುತ್ತಿದ್ದುದು ಇದನ್ನೇ: ಮೊದಲು ಎಲ್ಲೆಯನ್ನು ಕಟ್ಟುವುದು, ಅನಂತರ ಮೂರ್ತಿಯನ್ನು ನೆನೆಯುವುದು. ಚಿತ್ರದ ಗ್ರಂಥದಲ್ಲಿ ಹುಡುಕಿದ ನಾನು ನನ್ನ ಬೆರಳನ್ನೇ ನೋಡಿಕೊಂಡಿರಲಿಲ್ಲ. ಅವಳ ಅಜ್ಜ ಸರಿಯಾಗಿಯೇ ಹೇಳಿದ್ದ.

ಅಂದು ಅವಳಿಗೆ ಹೇಳಿದೆ: "ನಿಮ್ಮ ಅಜಾ ಹೇಳಿದ್ದೇ ಸರಿ ತಾಯಿ. ಅಂಚು ಮೊದಲು. ಆದ್ರೆ ಹತ್ತು ದಿಕ್ಕು ಕಟ್ಟೋಕೆ ನನಗೆ ಎಷ್ಟು ಹೊತ್ತು ಬೇಕು ಗೊತ್ತಾ?" ಚಿಟಿಕೆ ಹೊಡೆದು ತೋರಿಸಿದೆ.

"ಅಷ್ಟೇನಾ?"

"ಅಷ್ಟೆ. ಕಟ್ಟೋದು ಗೆರೆ. ಬಳ್ಳಿಗಿಳ್ಳಿ ಎಲ್ಲಾ ಅಲಂಕಾರ, ಪುರಸೊತ್ತಿದ್ದಾಗ."

ಅವಳು ತನ್ನ ಬೆರಳಿನಿಂದ ಮೆಲ್ಲನೆ ಚಿಟಿಕೆ ಹೊಡೆದು ನೋಡಿಕೊಂಡಳು. ಸದ್ದು ಬರಲಿಲ್ಲ, ಬೆರಳಿನ ತುಂಬ ಇದ್ದಿಲು.

ಸೋಮವಾರ ನಾನೂ ಪರೀಕ್ಷೆಯ ಮೇಲ್ವಿಚಾರಣೆಗೆ ಹೆಸರು ಕೊಟ್ಟಿದ್ದೆ. ಇತಿಶ್ರೀ ಒಂದೇ ಉಸಿರಿನಲ್ಲಿ ಕಾಗದದ ಸುತ್ತ ಗೆರೆ ಎಳೆದಳು. ಒಂದು ಕ್ಷಣ ತಡೆದಳು. ಬಳಿಕ ಮೌಸಾನ ಹಣೆಯಿಂದ ಕೆಳಗಿಳಿಯತೊಡಗಿದಳು. ಕತ್ತು, ಎದೆ, ಮಡಿಲಲ್ಲಿಟ್ಟ ಕೈಗಳು, ಮೊಣಕಾಲು. ಎರಡು ಗಂಟೆ ಕಳೆದಿತ್ತು. ಹೊಟ್ಟೆ ತುಂಬ ಪಖಾಳ, ನೀರಲ್ಲಿ ನೆನೆದ ತಂಗಳನ್ನ, ಉಂಡು ಬಂದಿದ್ದ ಮೌಸಾ, ಜನ್ಮದಲ್ಲಿ ಮೊದಲ ಬಾರಿಗೆ ಪೀಠದ ಮೇಲೆ ತೂಕಡಿಸಿದ. ಅವನ ಬಲಗಾಲು ಜಾರಿ ಮುಂದಕ್ಕೆ ಚಾಚಿಕೊಂಡಿತು.

ಕಂಡಂತೆ ಬರೆದರೆ ಪಾದವು ಗೆರೆಯಿಂದಾಚೆ ಬೀಳುತ್ತಿತ್ತು. ಪಟದಲ್ಲಿ ಅಂಚನ್ನು ದಾಟುವ ಆಕೃತಿಯೇ ಇಲ್ಲ. ಪಾದ ಒಳಗೇ ನಿಲ್ಲುವಂತೆ ತೊಡೆಯಿಂದ ಅಳಿಸಿ ತಿದ್ದಲು ವೇಳೆ ಸಾಲದು. ಅವಳು ರಬ್ಬರನ್ನು ಕೈಗೆತ್ತಿಕೊಂಡು ನನ್ನತ್ತ ನೋಡಿದಳು. ಪರೀಕ್ಷೆಯ ಕೋಣೆಯಲ್ಲಿ ನಾನು ಮಾತನಾಡುವಂತಿರಲಿಲ್ಲ. ಕಣ್ಣು ಬೇರೆಡೆ ತಿರುಗಿಸಿದೆ. ಮತ್ತೆ ನೋಡುವ ಹೊತ್ತಿಗೆ ರಬ್ಬರು ಕೆಳಗಿತ್ತು. ಐದು ಬೆರಳುಗಳೂ ಗೆರೆಯ ಹೊರಗೆ, ನಿದ್ದೆಯಲ್ಲಿರುವವನ ಬೆರಳುಗಳಂತೆಯೇ ಸಡಿಲವಾಗಿ, ಮೂಡುತ್ತಿದ್ದವು.

ಹೊರಗೆ ಬಂದಾಗ ಅವಳ ಮುಖ ಬಾಡಿತ್ತು. "ಸಾರ್, ಪಾದ ದಾಟ್ಬಿಡ್ತು. ದೋಷ ಅಲ್ವಾ?"

"ಬಲಿ ಚಕ್ರವರ್ತಿ ಎದುರು ವಾಮನ ಎತ್ತಿದ ಪಾದ ಬ್ರಹ್ಮಾಂಡದ ಅಂಚನ್ನೇ ದಾಟ್ತು. ಅದನ್ನ ಯಾರು ಅಳಿಸಿದ್ರು?" ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಪರೀಕ್ಷಕರು ವಾಮನನಿಗೆ ಅಂಕ ಕೊಡುವವರಲ್ಲವೆಂಬುದು ನನಗೂ ತಿಳಿದಿತ್ತು.

ಶುಕ್ರವಾರ ನಳಿನಿಯವರು ಕಚೇರಿಯಿಂದ ಫಲಿತಾಂಶದ ಹಾಳೆ ಹಿಡಿದು ಚಿತ್ರಶಾಲೆಗೆ ಬಂದರು. ಮುಖದಲ್ಲಿ ಏನನ್ನೂ ತೋರಗೊಡದೆ, "ಇತಿ, ಮುಂದಿನ ವರ್ಷವೂ ನಿನ್ನ ಕಾಟ ತಪ್ಪಲಿಲ್ಲ ನನಗೆ" ಎಂದರು. "ಪಾದ ಒಂದೇ ಬದುಕಿದೆ, ಮಿಕ್ಕಿದ್ದು ಪರವಾಗಿಲ್ಲ ಅಂದ್ರು ಹೊರಗಿಂದ ಬಂದ ಪರೀಕ್ಷಕರು."

ಇತಿಶ್ರೀ ಬಾಗಿ ಅವರ ಪಾದ ಮುಟ್ಟಿದಳು, ನನ್ನದನ್ನೂ ಮುಟ್ಟಿದಳು. ಅನಂತರ ನೇರವಾಗಿ ಪೀಠದ ಬಳಿಗೆ ನಡೆದಾಗ, ಮೌಸಾ ಬಲಗಾಲನ್ನು ಪಂಚೆಯೊಳಗೆ ಎಳೆದುಕೊಂಡ.

"ಇದೊಂದನ್ನ ಮುಟ್ಬೇಡಮ್ಮ. ಜಂಬದಲ್ಲಿ ಆಗ್ಲೇ ಎಡಗಾಲಿನ ಹತ್ರ ಮಾತು ಬಿಟ್ಟಿದೆ."