ಒಲೆ ಆಮೇಲೆ ಹಚ್ಚು

ದಾವಣಗೆರೆ ವಿನೋಬನಗರದ ನಿರ್ಮಲಮ್ಮನ ಮನೆಯಲ್ಲಿ ನೆಂಟರು ಚಪ್ಪಲಿ ಬಿಡುವಷ್ಟರಲ್ಲೇ ಚಹಾ ಒಲೆಯ ಮೇಲಿರುತ್ತದೆ. ಸಕ್ಕರೆ ಬೇಕೋ ಬೇಡವೋ ಎಂದು ಕೇಳುವುದು ಅದು ಕುದಿದ ಮೇಲೆ. ಬೇಡವೆಂದರೆ ಮತ್ತೆ ಹೊಸ ಚಹಾ. ಮಗಳು ಆಶಾರಾಣಿ ಇದನ್ನು ಆಡಿಕೊಂಡು ನಗುತ್ತಲೇ ಬೆಳೆದವಳು. ತಾನು ಬರೆದ ಸಾಫ್ಟ್‌ವೇರಿನಲ್ಲಿ ಮಾಡಿದ್ದೂ ಅದನ್ನೇ. ರಕ್ತ ಎಲ್ಲಿ ಹೋದೀತು!

ಹರಿಹರದ ಪಕ್ಕ ಗುತ್ತೂರಿನ ಕಾರ್ಖಾನೆಯ ಯಂತ್ರಕ್ಕೆ ಏನೇನು ಪ್ರೋಗ್ರಾಂ ಬೇಕೆಂದು ಬರೆದುಕೊಟ್ಟರೆ ಸಾಕು, ಹೇಗೆಂಬುದನ್ನು ಅವಳ ಸಾಫ್ಟ್‌ವೇರೇ ಯೋಚಿಸಿ ಎಲ್ಲವನ್ನೂ ಕಟ್ಟಿಕೊಡಬೇಕು. ಆದರೆ ಅದು ಅರ್ಧ ಯೋಚಿಸಿ, ಒಂದನ್ನು ಕಟ್ಟಿ, ಅದನ್ನು ನೋಡಿ ಮತ್ತೆ ಯೋಚಿಸುತ್ತಿತ್ತು. ಹಗಲೆಲ್ಲ ಕಟ್ಟಿ, ಸಂಜೆಗೆ "ಪಟ್ಟಿಯ ಕೊನೆಯ ಪ್ರೋಗ್ರಾಮಿನ ಹೆಸರು ತಪ್ಪು" ಎನ್ನುತ್ತಿತ್ತು. ಮತ್ತೆ ಎಲ್ಲ ಮೊದಲಿನಿಂದ. ಕಾರ್ಖಾನೆಯ ಮಾಲೀಕ ಬಕ್ಕೇಶ್ ಬೇಸತ್ತು ಹೇಳಿಯೇಬಿಟ್ಟ: "ಇವತ್ತು ಸಂಜಿ ಒಳಗೆ ಆಗ್ಲಿಲ್ಲ ಅಂದ್ರೆ ನಿಮ್ದು ಬ್ಯಾಡ. ಮೊದ್ಲಿನಂಗೆ ಒಂದೊಂದೇ ಪ್ರೋಗ್ರಾಂ ತುಂಬಾಕೆ ನಮ್ಮ ಪೆನ್‌ಡ್ರೈವೇ ಸಾಕು."

ಅಷ್ಟು ದಿನದ ದುಡಿಮೆ ಕಸದಬುಟ್ಟಿಗೆ! ಆಶಾಳಿಗೆ ಅನ್ನ ಸೇರಲಿಲ್ಲ. ಹಟಕ್ಕೆ ಬಿದ್ದು ಯೋಚಿಸುವುದು, ಕಟ್ಟುವುದು ಎರಡನ್ನೂ ಬೇರೆ ಮಾಡಿದಳು. ಮೊದಲು ಪೂರ್ತಿ ಯೋಜನೆ. ಅದು ಮುಗಿಯುವ ತನಕ ಏನನ್ನೂ ಕಟ್ಟುವಂತಿಲ್ಲ. ಕಟ್ಟುವುದು ಆಮೇಲೆ, ಎಲ್ಲ ಒಟ್ಟಿಗೆ, ಗುತ್ತೂರಿನ ದೊಡ್ಡ ಕಂಪ್ಯೂಟರಿನಲ್ಲಿ.

ಹರಿಹರದ ಬಸ್ಸು ಹತ್ತಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಗುಂಡಿ ಒತ್ತಿದಳು. ಕಂಡಕ್ಟರ್ ಚಿಲ್ಲರೆ ಹುಡುಕುವಷ್ಟರಲ್ಲಿ ಯೋಜನೆಯ ಹಂತದಲ್ಲೇ ತಪ್ಪು ಸಿಕ್ಕಿತು. ಒಂದು ಹೆಸರು ಹಳೆಯದು, ಅಷ್ಟೇ. ಏನೂ ಕಟ್ಟಿರಲಿಲ್ಲ, ಏನೂ ಹಾಳಾಗಿರಲಿಲ್ಲ! ತಿದ್ದಿ ಮತ್ತೆ ಒತ್ತಿದಳು. ಸಿದ್ಧವಾದ ಯೋಜನೆಯನ್ನು ಕಾರ್ಖಾನೆಗೆ ಕಳಿಸಿ, ಅಲ್ಲಿ ಕೆಲಸ ಮಾಡುವ ಗೆಳತಿ ನಿಖತ್‌ಗೆ ಫೋನಿನಲ್ಲೇ ಕೂಗಿದಳು: "ಶುರು ಮಾಡೇ!"

ಹರಿಹರದಲ್ಲಿ ಇಳಿದು ಆಟೋಕ್ಕೆ ಕೈ ಅಡ್ಡ ಹಾಕುವಾಗ ನಿಖತ್‌ಳೇ ಫೋನ್ ಮಾಡಿದಳು.

"ಲೇ, ಮಿಷನ್ ಓಡ್ತಾ ಐತೆ! ನೀನ್ಯಾಕ ಬರ್ತೀಯ ಇನ್ನ?"

ಆಶಾ ನಡುರಸ್ತೆಯಲ್ಲೇ ಕುಣಿದಳು.

"ಹತ್ತತೀರೋ, ಇಲ್ಲೇ ಕುಣೀತೀರೋ ಅಕ್ಕಾರೇ?" ಎಂದ ಆಟೋದವನು.

ಗುತ್ತೂರಿನಲ್ಲಿ ಬಕ್ಕೇಶ್ ಓಡುವ ಯಂತ್ರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಜೇಬಿನಿಂದ ಪೆನ್‌ಡ್ರೈವ್ ತೆಗೆದು ಅವಳ ಕೈಗಿಟ್ಟ. "ಇದನ್ನ ನೀವೇ ಇಟ್ಕಳ್ರಿ ಮೇಡಂ. ಉಳಿದ ಮಿಷನ್ನಿಗೂ ಹಿಂಗೇ ಮಾಡ್ರಿ."

ಖುಷಿ ತಡೆಯಲಾರದೆ ಅವಳು ಮನೆಗೆ ಫೋನ್ ಮಾಡಿದಳು. "ಅಮ್ಮಾ, ಗೆದ್ದೆ!"

"ಬಾ ಬಾ, ಚಾ ಇಟ್ಟೀನಿ," ಎಂದರು ನಿರ್ಮಲಮ್ಮ.

"ನಾನಿನ್ನೂ ಗುತ್ತೂರಾಗೆ ಇದ್ದೀನಮ್ಮಾ!"

"ಇರ್ಲಿ ಬಿಡು, ಕುದೀತಾ ಐತೆ. ಸಕ್ಕರಿ ಹಾಕಿಬಿಟ್ಟೆ. ಬೇಕಲ್ಲಾ?"

ಆಶಾ ಸಕ್ಕರೆ ಬಿಟ್ಟು ವರ್ಷವಾಗಿತ್ತು.

"ಬೇಕಮ್ಮಾ," ಎಂದಳು, "ಇನ್ನೊಂದು ಚಮಚ ಹಾಕು."