ಸ್ಟಾಪಿನಲ್ಲಿ ನಿಲ್ಲದ ಬಸ್ಸು

ಪ್ರಿಂಟರು ಮೂರನೆಯ ಸಲವೂ ಮೇಷ್ಟ್ರ ಅರ್ಧ ಮುಖವನ್ನಷ್ಟೇ ಉಗುಳಿ ನಿಂತಿತು. ಹಣೆ, ಕಣ್ಣು, ಮೂಗಿನ ತುದಿ; ಅದರ ಕೆಳಗೆ ಬರೀ ಬಿಳಿ ಕಾಗದ.

“ದೀಪದ ಬುಡದಲ್ಲೇ ಕತ್ತಲೆ ಅಂದ್ರೆ ಇದೇ ಅತ್ತಿಗೆ,” ಎಂದು ಮೈದುನ ಕಾಗದವನ್ನು ಕಿತ್ತ. “ಊರ ಮಕ್ಕಳಿಗೆಲ್ಲ ಕಂಪ್ಯೂಟರ್ ಕಲಿಸಿದ ಅಣ್ಣನ ಮನೇಲಿ ಒಂದು ಫೋಟೋ ಸರಿಯಾಗಿ ಬರ್ತಿಲ್ಲ.”

“ಮನುಷ್ಯರೇ ಅಲ್ಲಿ ಮಲಗಿರೋವಾಗ ಫೋಟೋ ಯಾತಕ್ಕೆ? ನಡಿ, ಹೊತ್ತಾಯ್ತು,” ಎಂದಳು ಮೇಷ್ಟ್ರ ಹೆಂಡತಿ.

ಹೊತ್ತೇನೂ ಆಗಿರಲಿಲ್ಲ. ಶಾಲೆಯ ಪಕ್ಕದ ಸಭಾಂಗಣದಲ್ಲಿ ಶವವನ್ನಿಟ್ಟಿದ್ದರು. ಇಬ್ಬರೂ ಅಲ್ಲಿಗೆ ಬಂದಾಗ, ಹನ್ನೊಂದಕ್ಕೆ ಬರಬೇಕಿದ್ದ ಶವದ ಗಾಡಿಯ ಸುಳಿವೇ ಇರಲಿಲ್ಲ. ಚಾಲಕ ಫೋನಿನಲ್ಲಿ “ಇಲ್ಲೇ ಇದೀನಿ, ಇಲ್ಲೇ” ಎನ್ನುತ್ತಿದ್ದ. ಆ ‘ಇಲ್ಲೇ’ ಎಲ್ಲಿ ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಮಡಚುವ ಕುರ್ಚಿಗಳಲ್ಲಿ ಜನ ಆಕಳಿಕೆ ನುಂಗಿಕೊಂಡು ಕೂತಿದ್ದರು. ಕೊನೆಯ ಸಾಲಿನಲ್ಲಿ, ರಜೆಯ ದಿನವಾದರೂ ಸಮವಸ್ತ್ರ ತೊಟ್ಟ ಏಳು ಮಕ್ಕಳಿದ್ದರು.

ಗಾಡಿ ಬರುವವರೆಗೆ ಸಮಯ ತುಂಬಲೆಂದು ಹೆಡ್ ಮಿಸ್ ಎದ್ದು ನಿಂತರು.

“ನಾಳಿನ ಇಂಜಿನಿಯರುಗಳನ್ನು ತಯಾರು ಮಾಡ್ತಿದ್ದ ಮಹಾನುಭಾವರು ನಮ್ಮ ಮೇಷ್ಟ್ರು. ಅವರ ತರಗತಿ ನಮ್ಮ ಶಾಲೆಗೇ ಕಳಶವಾಗಿತ್ತು.”

ಹೆಂಡತಿ ಹಲ್ಲು ಕಚ್ಚಿದಳು. ಎರಡು ವಾರದ ಹಿಂದೆ ಇದೇ ಬಾಯಿ ಆ ತರಗತಿಯನ್ನು ಬೊಂಬೆಯಾಟ ಎಂದಿತ್ತು.

*

ಮೂವತ್ತು ವರ್ಷ ಟೈಪಿಂಗ್ ಕಲಿಸಿದ ಮನುಷ್ಯ. ಯಂತ್ರಗಳೆಲ್ಲ ಗುಜರಿಗೆ ಹೋದ ಮೇಲೆ ಶಾಲೆಯವರು ಕಂಪ್ಯೂಟರ್ ಕೋಣೆಯ ಬೀಗದ ಕೈ ಕೊಟ್ಟು ಕೂರಿಸಿದರು. ಅಲ್ಲೊಂದು ದಿನ ಪರದೆಯ ಮೇಲೆ ಬಣ್ಣಬಣ್ಣದ ತುಂಡುಗಳು ಕಂಡವು. ಒಂದೊಂದರಲ್ಲೂ ಒಂದು ಅಪ್ಪಣೆ: ‘ಹತ್ತು ಹೆಜ್ಜೆ ನಡೆ’, ‘ಬಲಕ್ಕೆ ತಿರುಗು’, ‘ಮುಟ್ಟಿದರೆ ನಿಲ್ಲು’. ಒಂದರ ಕೆಳಗೊಂದು ಜೋಡಿಸಿದರೆ ಚಿತ್ರ ಹೇಳಿದಂತೆ ಕೇಳುತ್ತಿತ್ತು. ಐವತ್ತಾರರ ಮೇಷ್ಟ್ರು ಒಂದು ತಿಂಗಳು ಮೌಸಿಗೆ ಶಾಪ ಹಾಕುತ್ತಲೇ ಅದನ್ನು ಕಲಿತು, ಮಕ್ಕಳಿಗೆ ಕಲಿಸತೊಡಗಿದರು.

ಏನು ಮಾಡಬೇಕೆಂದು ಅವರು ಹೇಳುತ್ತಿರಲಿಲ್ಲ. ಒಬ್ಬ ಅಜ್ಜಿಯ ಗೊರಕೆಗೆ ನಡುಗುವ ಮನೆ ಮಾಡಿದ. ಮಾತೇ ಆಡದ ಹುಡುಗಿಯೊಬ್ಬಳು ತಾನು ದಿನವೂ ಹತ್ತುವ ಬಸ್ಸು ಮಾಡಿದಳು. ಬಸ್ಸು ಚೆನ್ನಾಗಿಯೇ ಹೊರಡುತ್ತಿತ್ತು. ಆದರೆ ಸ್ಟಾಪಿನಲ್ಲಿ ನಿಲ್ಲದೆ ಪರದೆಯಂಚು ದಾಟಿ ಹೋಗುತ್ತಿತ್ತು. ಮೂರು ವಾರ ತಡಕಾಡಿದರೂ ಹುಡುಗಿಗೆ ತಪ್ಪು ಸಿಗಲಿಲ್ಲ.

“ನಾಳೆ ಪ್ರದರ್ಶನ, ಅಪ್ಪ ಅಮ್ಮಂದಿರು ಬರ್ತಾರೆ,” ಎಂದರು ಹೆಡ್ ಮಿಸ್. “ನಿಮಗೆ ಒಂದು ನಿಮಿಷದ ಕೆಲಸ. ಸರಿ ಮಾಡಿಬಿಡಿ ಮೇಷ್ಟ್ರೇ.”

“ನಾನು ಸರಿ ಮಾಡಿದ್ರೆ ಅದು ನನ್ನ ಬಸ್ಸಾಗುತ್ತೆ ಮೇಡಂ.”

ಪ್ರದರ್ಶನದ ದಿನ ಬಸ್ಸು ಅಂಚು ದಾಟಿ ಹೋಯಿತು. ಪೋಷಕರು ನಕ್ಕರು. ಸೋಮವಾರ ಆ ಪೀರಿಯಡ್ಡು ಗಣಿತಕ್ಕೆ ಹೋಯಿತು.

ಮೇಷ್ಟ್ರು ಆಡಳಿತ ಮಂಡಳಿಗೆ ಪತ್ರ ಬರೆದರು, ಹರಿದರು, ಮತ್ತೆ ಬರೆದರು. ತಟ್ಟೆಯ ಮುಂದೆ ಕೂತು ಉಣ್ಣದೆ ಎದ್ದರು. ಹೆಂಡತಿಗೆ ತಡೆಯಲಾಗಲಿಲ್ಲ.

“ಒಂದು ಸಲ ‘ಹ್ಞೂಂ’ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಬಸ್ಸೂ ನಿಲ್ತಿತ್ತು, ಕ್ಲಾಸೂ ಉಳೀತಿತ್ತು.”

“ನಿನಗೂ ಅರ್ಥ ಆಗಲ್ವಾ?”

ಆಮೇಲೆ ಎರಡು ದಿನ ಇಬ್ಬರ ನಡುವೆ ಸರಿಯಾದ ಮಾತಿರಲಿಲ್ಲ. ಮೂರನೆಯ ಬೆಳಿಗ್ಗೆ ಬೂಟು ಹಾಕಿಕೊಳ್ಳಲು ಬಾಗಿದ ಮೇಷ್ಟ್ರು ಮತ್ತೆ ಏಳಲಿಲ್ಲ.

*

ಭಾಷಣ ಮುಗಿಸಿ ಬಂದ ಹೆಡ್ ಮಿಸ್ ಆಕೆಯ ಕೈ ಹಿಡಿದುಕೊಂಡರು. “ಕಂಪ್ಯೂಟರ್ ರೂಮಿಗೆ ಅವರ ಹೆಸರೇ ಇಡ್ತೀವಮ್ಮ.”

“ಕ್ಲಾಸು?”

“ಅದು... ಈ ವರ್ಷದ ಟೈಂಟೇಬಲ್ ಆಗಿಹೋಗಿದೆ.”

“ಹಾಗಾದ್ರೆ ಹೆಸರೂ ಬೇಡ. ಮಕ್ಕಳಿಲ್ಲದ ರೂಮಿಗೆ ಹೆಸರ್ಯಾಕೆ?”

ಹೆಡ್ ಮಿಸ್ಸಿನ ಕೈ ತಾನಾಗಿ ಸಡಿಲವಾಯಿತು. ಅವರು ಅತ್ತ ಹೋದ ಮೇಲೆ ಮೈದುನ ಪಿಸುಗುಟ್ಟಿದ: “ಇವತ್ತೇ ಬೇಕಿತ್ತಾ ಅತ್ತಿಗೆ ಇದು?”

“ನಾನೂ ನಿಮ್ಮಣ್ಣನಿಗೆ ಇದನ್ನೇ ಕೇಳಿದ್ದೆ ಕಣೋ,” ಎಂದಳು.

ಹಿಂದುಗಡೆ ಕುರ್ಚಿ ಎಳೆದ ಕರ್ಕಶ ಸದ್ದು. ಮಕ್ಕಳು ಖಾಲಿ ಕುರ್ಚಿಗಳನ್ನು ಎರಡು ಸಾಲು ಮಾಡಿ ನಡುವೆ ದಾರಿ ಬಿಟ್ಟಿದ್ದರು. “ಹೆಣ ಇಟ್ಟಿರೋ ಕಡೆ ಏನ್ರೋ ಆಟ?” ಎಂದು ಯಾರೋ ಗದರಿದರು. ಹೆಂಡತಿ ಎದ್ದು ಅಲ್ಲಿಗೆ ಹೋದಳು.

“ಏನಿದು?”

ಹುಡುಗಿ ನೆಲ ನೋಡಿದಳು. “ನನ್ನ ಬಸ್ಸು, ಆಂಟಿ. ಇನ್ನೂ ನಿಲ್ತಿಲ್ಲ. ನಡೆದು ನೋಡ್ತಿದೀವಿ.”

“ಸ್ಟಾಪು ಎಲ್ಲಿ?”

“ಇವನನ್ನ ನಿಲ್ಲಿಸಿದ್ವಿ, ಸುಮ್ನೆ ಅಲ್ಲಾಡ್ತಾನೆ.”

“ನಾನು ನಿಲ್ತೀನಿ.”

ಆಕೆ ಹೋಗಿ ದಾರಿಯ ಈಚೆ ತುದಿಯಲ್ಲಿ ನಿಂತಳು. ಹುಡುಗಿ ದಾರಿಯ ಆಚೆ ತುದಿಗೆ ಹೋಗಿ ಕಣ್ಣು ಮುಚ್ಚಿಕೊಂಡಳು. “ಸ್ಟಾಪ್ ಬಂತಾ?” ಎಂದು ಕೇಳಿದಳು. “ಇಲ್ಲ,” ಎಂದರು ಉಳಿದವರು. ಹೊರಟವಳು ಆಕೆಯ ಮೊಣಕೈ ಸವರಿಕೊಂಡು ದಾಟಿ, ನೆಟ್ಟಗೆ ಹೋಗಿ ಗೋಡೆಗೆ ಹಣೆ ಬಡಿಸಿಕೊಂಡಳು. ಒಬ್ಬ ಕಿಸಕ್ಕನೆ ನಕ್ಕ.

ಹುಡುಗಿ ಗೋಡೆಗೆ ಹಣೆಯಿಟ್ಟು ಹಾಗೇ ನಿಂತಿದ್ದಳು. ಆಮೇಲೆ ಗಿರಕ್ಕನೆ ತಿರುಗಿದಳು.

“ಹೊರಡೋಕ್ ಮುಂಚೆ ಒಂದೇ ಸಲ ಕೇಳ್ದೆ! ದಾರೀಲಿ ಕೇಳ್ಲೇ ಇಲ್ಲ!”

“ಅಂದ್ರೆ?”

“ಪ್ರತಿ ಹೆಜ್ಜೆಗೂ ಕೇಳ್ಬೇಕು ಆಂಟಿ. ಇನ್ನೊಂದ್ಸಲ. ನೀವು ಅಲ್ಲಾಡ್ಬೇಡಿ!”

ಹೊರಗೆ ಹಾರ್ನ್ ಕೇಳಿಸಿತು. ಜನ ದಡಬಡನೆ ಎದ್ದರು. “ಅತ್ತಿಗೆ, ಗಾಡಿ ಬಂತು! ಬನ್ನಿ!” ಎಂದು ಮೈದುನ ಬಾಗಿಲಿನಿಂದ ಕೂಗಿದ.

ಆಕೆ ಕದಲಲಿಲ್ಲ.

“ಬಂತಾ?”

“ಇಲ್ಲ.”

ಒಂದು ಹೆಜ್ಜೆ.

“ಬಂತಾ?”

“ಇಲ್ಲ.”

ಹಾರ್ನ್ ಈ ಸಲ ಉದ್ದಕ್ಕೆ ಮೊಳಗಿತು. ಕುರ್ಚಿಗಳ ನಡುವೆ ಕಣ್ಣು ಮುಚ್ಚಿಕೊಂಡು ಬರುತ್ತಿದ್ದ ಪುಟ್ಟ ಮುಖವನ್ನೇ ನೋಡುತ್ತ ಆಕೆ ದಾರಿಗಡ್ಡವಾಗಿ ಒಂದು ತೋಳು ಚಾಚಿ ನಿಂತಳು.