ಮೂರನೆಯ ಕುರಿ

ಕುರಿಯ ಕಿವಿಯ ಮೇಲೆ ನೊಣ ಕೂತಿತು, ಕುರಿ ಕಿವಿ ಒದರಲಿಲ್ಲ, ಸತ್ತಿದೆಯಲ್ಲ, ಇದು ಎರಡನೆಯದು, ಮೊದಲನೆಯದು ಆಗಲೇ ಒಲೆಯ ಮೇಲೆ ಬೇಯುತ್ತಿದೆ, ಊರು ಸಿಗದಿದ್ರೂ ಸಾರಂತೂ ಸಿಗುತ್ತೆ ಬಿಡ್ರೋ, ಅದು ದ್ರಾಕಾಸ್, ಮೂವತ್ತು ವರ್ಷದಿಂದ ನನ್ನ ಪಕ್ಕದಲ್ಲಿ ಈಟಿ ಹಿಡಿದವನು, ದೊರೆಯಾದ ನನಗೆ ಕೇಳಲೆಂದೇ ಗಟ್ಟಿಯಾಗಿ ಹೇಳುತ್ತಾನೆ — ಎದುರಿಗೆ ಹೊಳೆ, ಹೊಳೆಯಾಚೆ ಗೋಡೆ, ಗೋಡೆಯೊಳಗೆ ನನ್ನ ಮಗಳು ಮೆಲಿತ್ತಾ, ಆ ಊರಿನ ಒಡೆಯ, ಅವಳ ಗಂಡ, ನನ್ನ ಕಾವಲಿನವರನ್ನು ಊರಿಂದ ಅಟ್ಟಿದ, ಬರದೆ ಏನು ಮಾಡಲಿ, ಹದಿನಾಲ್ಕು ಊರು ಗೆದ್ದವನು ಹದಿನೈದನೆಯದಕ್ಕೆ ಸುಮ್ಮನಿದ್ದರೆ ಹದಿನಾಲ್ಕೂ ನಗುತ್ತವೆ. ಕುರಿಯ ಯಕೃತ್ತಿನ ಅಂಚಿನಲ್ಲಿ ಮಗುವಿನ ಹೆಬ್ಬೆರಳಿನಷ್ಟು ತುಣುಕೊಂದು ಇರಬೇಕು, ಇದ್ದರೆ ದೇವರು ಹೂಂ ಅಂದ ಹಾಗೆ, ಎರಡರಲ್ಲೂ ಇರಲಿಲ್ಲ, ಮೂರರಲ್ಲೂ ಇಲ್ಲದಿದ್ದರೆ ಈ ವರ್ಷ ಆ ಗೋಡೆ ಮುಟ್ಟುವಂತಿಲ್ಲ, ನಮ್ಮ ಬೆಟ್ಟದವರ ಕಟ್ಟಳೆ, ದೊರೆಗೂ ಅದೇ — ಮೊದಲ ಊರಿನ ದಿನ ನನಗೆ ಇಪ್ಪತ್ತು, ಶಕುನ ನೋಡುವ ತೆಲೆನ್‌ಗೂ ಅಷ್ಟೇ, ಇಲ್ಲ ದೊರೆ, ಏನಂತ ಹೇಳ್ಲಿ ಅಂದ ತಗ್ಗಿದ ದನಿಯಲ್ಲಿ, ಇದೆ ಅನ್ನು ಅಂದೆ, ಇದೆ ಅಂದ, ಸಂಜೆಗೆ ಊರು ನಮ್ಮದು, ಸುಟ್ಟ ಬೀದಿಯಲ್ಲಿ ಒಬ್ಬಳು ಹೊಸ್ತಿಲ ಮೇಲೆ ಕೂತು ಬಾರ್ಲಿ ಹಿಟ್ಟು ನಾದುತ್ತಿದ್ದಳು, ಒಲೆಯೂ ಇಲ್ಲ, ಮನೆಯೂ ಇಲ್ಲ, ನಾದುತ್ತಲೇ ಇದ್ದಳು, ಗೋಡೆ ಬಿದ್ದ ಊರಲ್ಲಿ ಈ ಹೆಂಗಸು ಯಾರ ಮಗಳೆಂದು ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ.

ಆರನೆಯ ಊರು ಗೆದ್ದು ಮನೆಗೆ ಬಂದಾಗ ತೊಟ್ಟಿಲಲ್ಲಿ ಮೆಲಿತ್ತಾ, ನನ್ನ ಹೆಬ್ಬೆರಳು ಹಿಡಿದಳು, ಹೊರಗೆ ಕುದುರೆ ಕಾಯುತ್ತಿದೆ, ಬಿಡಲೊಲ್ಲಳು, ದಾದಿ ಫಿಲಿನ್ನಾ ನಗುತ್ತಾಳೆ, ಬಿಡಿಸ್ಕೊಳ್ಳಿ ನೋಡೋಣ ದೊರೆ, ನಿಮ್ಮದೇ ಹಿಡಿತ ಅದು — ಮೂರನೆಯ ಕುರಿಯನ್ನು ಬಗೆದರು, ಆವಿ ಏಳುತ್ತಿದೆ, ತೆಲೆನ್ ಯಕೃತ್ತನ್ನು ತಂದು ನನ್ನ ಅಂಗೈಗೇ ಇಟ್ಟ, ಕಣ್ಣು ಮಬ್ಬು ದೊರೆ, ನೀವೇ ನೋಡಿ, ಮಬ್ಬೇನೂ ಇಲ್ಲ ಮುದುಕನಿಗೆ, ನೋಡಿದೆ, ಇದೆ, ಅಂಚಿನಲ್ಲಿ ತುಂಬಿಕೊಂಡು ಇದೆ, ಹದಿನಾಲ್ಕು ಊರಿಗೂ ಇಷ್ಟು ಚೆಂದದ್ದು ಬಂದಿರಲಿಲ್ಲ, ಈಟಿಯವರು ಸುತ್ತ ಕವಿಯುತ್ತಿದ್ದಾರೆ, ಏನಂತ ಹೇಳ್ಲಿ ದೊರೆ, ಅದೇ ಪ್ರಶ್ನೆ, ಅದೇ ತಗ್ಗಿದ ದನಿ, ನನ್ನ ಹೆಬ್ಬೆರಳು ತಾನೇ ಸರಿದು ಅದರ ಮೇಲೆ ಕೂತಿತು, ಇಲ್ಲ ಅನ್ನು, ದ್ರಾಕಾಸ್ ಬಗ್ಗಿದ, ನನ್ನ ಬೆರಳು ನೋಡಿದ, ನನ್ನ ಮುಖ ನೋಡಿದ, ಬಹಳ ಹೊತ್ತು ನೋಡಿದ, ಆಮೇಲೆ ಹಿಂದಕ್ಕೆ ತಿರುಗಿ, ಇಲ್ಲ ಕಣ್ರೋ, ಮೂರರಲ್ಲೂ ಇಲ್ಲ, ಸಾರಿಗೆ ಉಪ್ಪು ಹಾಕಿ — ಯಾರೋ ಗೊಣಗಿದರು, ಯಾರೋ ನಕ್ಕರು, ಹೆಜ್ಜೆಗಳು ದೂರ ಹೋದವು, ಇನ್ನು ಬೆರಳು ತೆಗೆಯಬಹುದು, ತೆಗೆಯಬೇಕು, ಕೆಳಗೆ ಅದು ಬೆಚ್ಚಗಿದೆ, ಮೆತ್ತಗೆ, ಇಷ್ಟೇ ಇಷ್ಟು, ಬಿಡಿಸ್ಕೊಳ್ಳಿ ನೋಡೋಣ ದೊರೆ, ಇಷ್ಟೇ ಇಷ್ಟು ಹೆಬ್ಬೆರಳು